ಗಾಲ್ಫ್ ಕೋಲು ಮತ್ತು ಗಣಿತದ ಪಾಠ

ನನ್ನ ವಿದ್ಯಾರ್ಥಿಗಳಾಗಿದ್ದ ನಿಮಗೆ ಈ ಶೀರ್ಷಿಕೆಯನ್ನು ಕಂಡು ನಗು ಬಂದೀತು. ಆಟದ ಪಿರಿಯಡ್ಡನ್ನೂ ಬೇಡಿ ಪಡೆದು ಬೀಜಗಣಿತಕ್ಕೆ ಬಳಸಿಕೊಳ್ಳುತ್ತಿದ್ದ ಮಾಸ್ತರರು ಈ ಇಳಿವಯಸ್ಸಿನಲ್ಲಿ ಗಾಲ್ಫಿನ ಬಗ್ಗೆ ಬರೆಯುವುದೆಂದರೇನು? ನಾನು ಆ ಕೋಲನ್ನು ಹಿಡಿದವನಲ್ಲ, ನೋಡಿದವನು ಮಾತ್ರ. ಆದರೆ ನೋಡಿದ್ದರಲ್ಲಿ ನನ್ನ ವೃತ್ತಿಯದೇ ಒಂದು ಹಳೆಯ ತಪ್ಪು ಕಾಣಿಸಿಕೊಂಡಿತು. ಅದಕ್ಕಾಗಿ ಬರೆಯುತ್ತಿದ್ದೇನೆ.

ಮಸ್ಕತ್ತಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ರಜೆಯಲ್ಲಿ ಊರಿಗೆ ಬಂದಿದ್ದ. ಅಲ್ಲಿ ಅವನಿಗೆ ಗಾಲ್ಫಿನ ಹುಚ್ಚು ಹಿಡಿದಿದೆ. ಒಂದು ಬೆಳಿಗ್ಗೆ, "ಮಾವ, ಸುಮ್ಮನೆ ಕೂತಿದ್ದೀರಲ್ಲ, ಬನ್ನಿ" ಎಂದು ನನ್ನನ್ನು ಪಿಲಿಕುಳಕ್ಕೆ ಕರೆದುಕೊಂಡು ಹೋದ. ಪಿಲಿಕುಳವೆಂದರೆ ನಮಗೆಲ್ಲ ಮೃಗಾಲಯ, ಕೆರೆ ಮತ್ತು ತಾರಾಲಯ. ಅಲ್ಲೊಂದು ಗಾಲ್ಫ್ ಮೈದಾನವಿದೆ ಎಂಬುದನ್ನು ಬಲ್ಲವರು ಮಂಗಳೂರಿನಲ್ಲಿಯೂ ಹೆಚ್ಚಿಲ್ಲ.

ಅಳಿಯನ ತೊಂದರೆ ಇಷ್ಟೆ: ಅವನು ಹೊಡೆದ ಚೆಂಡು ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಬಲಕ್ಕೆ ಬಾಗಿ ಪೊದೆ ಸೇರುತ್ತದೆ. ಈ ದೋಷಕ್ಕೆ 'ಸ್ಲೈಸ್' ಎಂದು ಹೆಸರು. ಮಸ್ಕತ್ತಿನಲ್ಲಿ ಯಾರೋ ಒಬ್ಬರು ಅರ್ಧ ಗಂಟೆಯ ಪಾಠದಲ್ಲಿಯೇ ಪರಿಹಾರವನ್ನು ಹೇಳಿಕೊಟ್ಟಿದ್ದರಂತೆ: ಚೆಂಡು ಬಲಕ್ಕೆ ಹೋಗುವುದಾದರೆ ಎಡಕ್ಕೆ ತಿರುಗಿ ನಿಲ್ಲು. ಅಂದು ಚೆಂಡು ನಡುವಿಗೆ ಬಂದು ಬಿದ್ದಿತು, ಹಣ ಕೊಟ್ಟವನಿಗೆ ತೃಪ್ತಿಯೂ ಆಯಿತು. ಒಂದು ತಿಂಗಳೊಳಗೆ ಚೆಂಡು ಮೊದಲಿಗಿಂತ ಹೆಚ್ಚು ಬಾಗತೊಡಗಿತು.

ಪಿಲಿಕುಳದಲ್ಲಿದ್ದ ಒಬ್ಬ ಹಿರಿಯ ಆಟಗಾರರು ಅದರ ಕಾರಣವನ್ನು ವಿವರಿಸಿದಾಗ, ಗಣಿತದವನಾದ ನನಗೆ ಅದು ತಕ್ಷಣ ಹಿಡಿಸಿತು. ಚೆಂಡಿಗೆ ತಾಗುವ ಕ್ಷಣದಲ್ಲಿ ಕೋಲಿನ ಮುಖ ಯಾವ ಕಡೆಗಿದೆ ಎಂಬುದು ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕೋಲು ಸಾಗುವ ದಾರಿಗೂ ಆ ಮುಖಕ್ಕೂ ನಡುವೆ ಇರುವ ಕೋನವು ಚೆಂಡಿಗೆ ಓರೆಯಾದ ತಿರುಗುವಿಕೆಯನ್ನು ಕೊಟ್ಟು ಅದನ್ನು ಬಾಗಿಸುತ್ತದೆ. ಎಡಕ್ಕೆ ತಿರುಗಿ ನಿಂತವನ ಕೋಲು ಇನ್ನೂ ಹೆಚ್ಚು ಎಡಕ್ಕೆ ಸಾಗುತ್ತದೆ. ಆದರೆ ಅವನ ಕಣ್ಣು ಗುರಿಯ ಮೇಲೆಯೇ ಇರುವುದರಿಂದ ಕೋಲಿನ ಮುಖ ಅತ್ತಲೇ ಉಳಿಯುತ್ತದೆ. ಕೋನ ದೊಡ್ಡದಾಗುತ್ತದೆ, ಬಾಗು ಬೆಳೆಯುತ್ತದೆ. ಮದ್ದೇ ರೋಗವನ್ನು ಸಾಕುತ್ತದೆ ಎಂದರೆ ಇದೇ.

ಅವರು ಅಳಿಯನ ಎಡಗೈಯನ್ನು ನೋಡಿ, "ಮೊದಲು ಹಿಡಿತ ಬದಲಾಗಬೇಕು" ಎಂದರು. ಕೋಲು ಹಿಡಿದು ಕೆಳಗೆ ನೋಡಿದರೆ ಎಡಗೈಯ ಒಂದು ಗೆಣ್ಣು ಮಾತ್ರ ಕಾಣುತ್ತಿತ್ತು. ಎರಡೋ ಮೂರೋ ಕಾಣಬೇಕಂತೆ. "ಎರಡು ಮೂರು ತಿಂಗಳು ಬೇಕು. ಮೊದಲ ಕೆಲವು ವಾರ ಈಗಿರುವುದಕ್ಕಿಂತ ಕೆಟ್ಟದಾಗಿ ಆಡುತ್ತೀರಿ. ಒಪ್ಪಿಗೆಯಿದ್ದರೆ ಹೇಳಿ." ಅಳಿಯನ ಮುಖ ಬಾಡಿತು. ಮಸ್ಕತ್ತಿಗೆ ಮರಳಿದ ಕೂಡಲೇ ಕಚೇರಿಯವರ ಪಂದ್ಯವಿತ್ತು.

ಈ 'ಕೆಟ್ಟದಾಗುವ ಕಾಲ'ವೇ ನನ್ನ ಲೇಖನದ ವಿಷಯ. ದೊಡ್ಡ ಆಟಗಾರರೂ ಇದರಿಂದ ತಪ್ಪಿಸಿಕೊಂಡಿಲ್ಲ. ಇಂಗ್ಲೆಂಡಿನ ನಿಕ್ ಫಾಲ್ಡೊ 1980ರ ದಶಕದ ನಡುವಿನಲ್ಲಿ, ಹೆಸರಾಂತ ಆಟಗಾರನಾಗಿದ್ದಾಗಲೇ, ಡೇವಿಡ್ ಲೆಡ್‌ಬೆಟರ್ ಎಂಬ ಶಿಕ್ಷಕರ ಬಳಿ ತನ್ನ ಹೊಡೆತವನ್ನು ಬುಡದಿಂದಲೇ ಕಟ್ಟತೊಡಗಿದರು. ಸುಮಾರು ಎರಡು ವರ್ಷ ಫಲವಿಲ್ಲದೆ ಕಳೆಯಿತು. 1987ರಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಟೈಗರ್ ವುಡ್ಸ್ 1997ರಲ್ಲಿ ಮಾಸ್ಟರ್ಸ್ ಪಂದ್ಯಾವಳಿಯನ್ನು 12 ಹೊಡೆತಗಳ ಅಂತರದಿಂದ ಗೆದ್ದ ಮೇಲೆ ಹೊಡೆತವನ್ನು ಬದಲಿಸಲು ಹೊರಟರು. 1998ರಲ್ಲಿ ಅಮೆರಿಕದ ವೃತ್ತಿಪರ ಟೂರ್‌ನಲ್ಲಿ ಅವರಿಗೆ ದಕ್ಕಿದ್ದು ಒಂದೇ ಗೆಲುವು. ಜನ ಆಡಿಕೊಂಡರು. 2000ದಿಂದ 2001ರ ನಡುವೆ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನು ಅವರು ಸಾಲಾಗಿ ಗೆದ್ದರು.

ನಮ್ಮವರ ನಿದರ್ಶನವನ್ನೂ ಹೇಳಬೇಕು. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸಿನಲ್ಲಿ ಕೇವಲ ಒಂದು ಹೊಡೆತದಿಂದ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದರು. ಅಂದು ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು. ಆದರೆ ಬೆಳಗಿನ ಜಾವ ಗಾಲ್ಫಿನ ಗಂಧವೂ ಇಲ್ಲದ ನಾವೆಲ್ಲ ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಬಹಳ ದೂರ ಹೊಡೆಯಬಲ್ಲ ಆಟಗಾರ್ತಿಯರ ನಡುವೆ ಆಕೆಯನ್ನು ಅಷ್ಟು ಮೇಲಕ್ಕೆ ಒಯ್ದದ್ದು ಕುಳಿಯ ಸಮೀಪದ ನವಿರಾದ ಹೊಡೆತ. ಐದನೆಯ ವಯಸ್ಸಿನಲ್ಲಿ ಕೋಲು ಹಿಡಿದವರ ಕೈಗೆ ಇಪ್ಪತ್ತಮೂರರಲ್ಲಿ ಬಂದ ಹದ ಅದು. ಅದು ಅರ್ಧ ಗಂಟೆಯ ಪಾಠದ ಫಲವಲ್ಲ.

ಇನ್ನೊಂದು ಸಂಗತಿ ಅಧ್ಯಾಪಕರೆಲ್ಲ ತಿಳಿದಿರಬೇಕಾದದ್ದು. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಮೂರು ಕ್ರಮಗಳನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಒಂದು ಕ್ರಮವನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಯಿತು. ಮತ್ತೊಂದು ಗುಂಪು ಮೂರನ್ನೂ ಬೆರೆಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲನೆಯ ಗುಂಪೇ ಮುಂದಿತ್ತು. ಹತ್ತು ದಿನಗಳ ಅನಂತರ ಪರೀಕ್ಷಿಸಿದಾಗ ಎರಡನೆಯ ಗುಂಪು ಮೇಲಾಗಿತ್ತು. ಪಾಠದ ಹೊತ್ತಿನಲ್ಲಿ ಕಾಣುವ ಪ್ರಗತಿಯೂ ಉಳಿಯುವ ಕಲಿಕೆಯೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಭಿನ್ನರಾಶಿಯೇ ಬರುತ್ತಿರಲಿಲ್ಲ. ಪರೀಕ್ಷೆಗೆ ಮೂರು ತಿಂಗಳಿತ್ತು. ಭಿನ್ನರಾಶಿಯಿಂದ ಮತ್ತೆ ಆರಂಭಿಸಿದ್ದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನ ಅಂಕ ಇನ್ನಷ್ಟು ಕುಸಿಯುತ್ತಿತ್ತು. ಅವನ ತಂದೆಗೂ ಮುಖ್ಯೋಪಾಧ್ಯಾಯರಿಗೂ ನಾನು ಉತ್ತರ ಕೊಡಬೇಕಾಗುತ್ತಿತ್ತು. ನಾನು ಸುಲಭದ ದಾರಿ ಹಿಡಿದೆ. ಬರಬಹುದಾದ ಪ್ರಮೇಯಗಳನ್ನೂ ಲೆಕ್ಕಗಳನ್ನೂ ಆರಿಸಿ ಕಂಠಪಾಠ ಮಾಡಿಸಿದೆ. ಅವನು ಮೂವತ್ತೈದನ್ನು ದಾಟಿದ. ಮನೆಯವರು ಹಣ್ಣುಹಂಪಲು ತಂದು ಕೊಟ್ಟರು. ನಾನು ಸಂಕೋಚವಿಲ್ಲದೆ ತೆಗೆದುಕೊಂಡೆ.

ಅವನು ಪಿಯುಸಿ ವಿಜ್ಞಾನಕ್ಕೆ ಸೇರಿ, ವರ್ಷ ತುಂಬುವ ಮುನ್ನವೇ ಬಿಟ್ಟ. ಒಂದು ಸಂಜೆ ಹಂಪನಕಟ್ಟೆಯಲ್ಲಿ ಸಿಕ್ಕಿದಾಗ ಸಿಟ್ಟಿಲ್ಲದೆ ಒಂದೇ ಮಾತು ಹೇಳಿದ: "ಸರ್, ನನಗೆ ಲೆಕ್ಕ ಬರುತ್ತದೆ ಅಂತಲೇ ತಿಳಿದುಕೊಂಡಿದ್ದೆ." ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ತಕ್ಷಣದ ಪರಿಹಾರವೇ ಪಾಪವೆಂದು ನಾನು ಹೇಳುತ್ತಿಲ್ಲ. ನಾಳೆ ಪಂದ್ಯವಿರುವವನ ಹಿಡಿತವನ್ನು ಇಂದು ಬದಲಿಸುವುದು ಅವಿವೇಕ. ಆ ಹುಡುಗನನ್ನು ಉತ್ತೀರ್ಣನಾಗಿಸಿದ್ದೂ ತಪ್ಪಲ್ಲ. ಅಷ್ಟಿಲ್ಲದಿದ್ದರೆ ಅವನ ದಾರಿಯೇ ಮುಚ್ಚುತ್ತಿತ್ತು. ತಪ್ಪು ಆಮೇಲಿನದು. "ಇದು ಊರುಗೋಲು, ಕಾಲಲ್ಲ, ರಜೆಯಲ್ಲಿ ಬಾ, ಭಿನ್ನರಾಶಿಯಿಂದ ತೊಡಗೋಣ" ಎಂದು ನಾನು ಹೇಳಲಿಲ್ಲ. ಪಿಲಿಕುಳದ ಹಿರಿಯರು ನೀಡಿದ ಎಚ್ಚರಿಕೆಯನ್ನು ನಾನು ನೀಡಲಿಲ್ಲ. ಕಲಿಯುವವನು ಹಿಂದೆ ಬೀಳುವ ಆ ಕೆಲವು ತಿಂಗಳು ಅವನ ಪಕ್ಕದಲ್ಲಿ ನಿಂತು, ನಗುವವರ ನಗೆಯನ್ನೂ ಅವಸರದವರ ಪ್ರಶ್ನೆಯನ್ನೂ ತನ್ನ ಮೇಲೆ ಹಾಕಿಕೊಳ್ಳುವವನೇ ಗುರು. ಉಳಿದದ್ದನ್ನು ಗೈಡು ಪುಸ್ತಕವೂ ಮಾಡಬಲ್ಲದು.

ಅಳಿಯ ಕಚೇರಿಯ ಪಂದ್ಯದಲ್ಲಿ ಹಳೆಯ ಹಿಡಿತದಲ್ಲಿಯೇ ಆಡಿ ಸೋತನಂತೆ. ಮರುದಿನದಿಂದ ಹೊಸ ಹಿಡಿತ. ಕಳೆದ ವಾರ ಫೋನಿನಲ್ಲಿ, "ಮಾವ, ಈಗ ಚೆಂಡು ಎಡಕ್ಕೂ ಹೋಗುತ್ತದೆ, ಬಲಕ್ಕೂ ಹೋಗುತ್ತದೆ" ಎಂದು ಗೋಳಾಡಿದ. "ಸರಿಯಾದ ದಾರಿಯಲ್ಲಿದ್ದೀಯಾ, ಬಿಡಬೇಡ" ಎಂದೆ.

ನಿಮ್ಮಲ್ಲಿ ಹಲವರು ಈಗ ತಂದೆತಾಯಿಗಳು, ಕೆಲವರು ಅಧ್ಯಾಪಕರು. ನಿಮ್ಮ ಮಗುವಿನ ಅಂಕ ಒಂದು ಕಿರುಪರೀಕ್ಷೆಯಲ್ಲಿ ಇಳಿದಾಗ ಶಾಲೆಗೆ ಧಾವಿಸುವ ಮುನ್ನ, ಅದರ ಅಧ್ಯಾಪಕರು ಹಿಡಿತವನ್ನು ಬದಲಿಸುತ್ತಿರಬಹುದೇ ಎಂದು ಒಮ್ಮೆ ಕೇಳಿ ನೋಡಿ. ಹೌದೆಂದಾದರೆ ಅವರಿಗೆ ಸ್ವಲ್ಪ ಕಾಲಾವಕಾಶ ಕೊಡಿ. ನನಗೆ ಅದನ್ನು ಕೇಳಿ ಪಡೆಯುವ ಧೈರ್ಯವಿರಲಿಲ್ಲ.