ಕೃಷ್ಣೆಯ ದಂಡೆಗೆ ಉತಾರ ಯಾರ ಹೆಸರಿನಾಗ?

ಮಸೂತಿ, ಕೊಲ್ಹಾರ ಕಡೆಯ ಕಟ್ಟೆಗಳ ಮೇಲೆ ಈಗ ಒಂದೇ ಲೆಕ್ಕ: ಎಕರೆಗೆ ಎಷ್ಟು? ಆಲಮಟ್ಟಿ ಆಣೆಕಟ್ಟಿನ ನೀರನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಸಲುವಾಗಿ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರದಲ್ಲಿ ದರ ಗೊತ್ತು ಮಾಡಿತು. ನೀರಾವರಿ ಜಮೀನಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಮುಳುಗುವುದು 75 ಸಾವಿರ ಎಕರೆಗೂ ಮಿಕ್ಕಿ. ರೈತನಿಗೆ ಸಿಗಲೇಬೇಕು, ಅದರಲ್ಲಿ ತಕರಾರಿಲ್ಲ. ಭೂಮಿ ಹೋಗುವುದೆಂದರೆ ಏನೆಂಬುದು ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರದ ಮಗ್ಗುಲಲ್ಲಿ ಬದುಕುವ ಈ ಜನಕ್ಕೆ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆದರೆ ದಂಡೆಯ ಲೆಕ್ಕ ಹಿಡಿದವರು ಯಾರು?

ಚಳಿಗಾಲ ಕಳೆದು ಹಿನ್ನೀರು ಇಳಿಯತೊಡಗಿದಾಗ ಕೊಲ್ಹಾರ ಸೇತುವೆಯ ಕಡೆ ಹೋಗಿ ನೋಡಬೇಕು. ನೀರು ಬಿಟ್ಟುಕೊಟ್ಟ ಹಸಿ ರಾಡಿಯ ಮೇಲೆ ಹಸಿರು ಚಿಗುರುತ್ತದೆ. ಕುರಿ ಹಿಂಡು ಅಲ್ಲಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು ಅಲ್ಲಿ. ತೆಪ್ಪ ಕಟ್ಟಿದ ಅಂಬಿಗರ ಬಲೆಯೂ ಅಲ್ಲೇ ಒಣಗುತ್ತದೆ. ಈ ಮೂವರಿಗೂ ಒಂದೇ ಕೊರತೆ, ಯಾರ ಹೆಸರಿನಲ್ಲೂ ಉತಾರವಿಲ್ಲ. ಸುಮಾರು 15 ಅಡಿ ನೀರು ಏರಿದರೆ ಈ ಎರಿ ನೆಲದ ಬಯಲಿನಲ್ಲಿ ಅದು ಎಷ್ಟು ದೂರ ಹರಡೀತು! ಹಕ್ಕಿ ರೆಕ್ಕೆ ಬಿಚ್ಚಿ ಹೊಸ ದಂಡೆ ಹುಡುಕೀತು. ತೆಪ್ಪದವನು ಎಲ್ಲಿಗೆ ಹೋಗಬೇಕು? ಹಳೇ ಕೊಲ್ಹಾರ ಮುಳುಗಿದಾಗ ಮನೆ, ಹೊಲದ ಪಂಚನಾಮೆ ಆಯಿತು. ಬಲೆ ಬೀಸುವ ಜಾಗಕ್ಕೆ ಪಂಚನಾಮೆ ಮಾಡಲು ಬರುವುದಿಲ್ಲ ಎಂದು ಸಾಹೇಬರು ಹೇಳಬಹುದು.

ಬರುತ್ತದೆ. ಕಾಯ್ದೆಯಲ್ಲೇ ಬರೆದಿದೆ. 2013ರ ಭೂಸ್ವಾಧೀನ ಕಾಯ್ದೆ ತೆಗೆದು ಓದಲಿ. ಸ್ವಾಧೀನಕ್ಕೆ ಮುಂಚಿನ 3 ವರ್ಷ ಕಾಡನ್ನೋ ನೀರನ್ನೋ ನಂಬಿ ಬದುಕಿದ ಮೀನುಗಾರ, ಅಂಬಿಗ, ಕಾಡುತ್ಪತ್ತಿ ಆಯುವವ, ಇವರ ಉಪಜೀವನಕ್ಕೆ ಧಕ್ಕೆಯಾದರೆ ಇವರದೂ ಬಾಧಿತ ಕುಟುಂಬವೇ. ನೀರಾವರಿ ಯೋಜನೆಯಾದರೆ ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕನ್ನು ಬಾಧಿತ ಕುಟುಂಬಗಳಿಗೆ ಕೊಡಬಹುದೆಂದೂ ಅದರ ಅನುಸೂಚಿಯಲ್ಲಿದೆ. ಕುರಿಗಾರರ ಹೆಸರನ್ನು ಮಾತ್ರ ಬಿಡಿಸಿ ಹೇಳಿಲ್ಲ, ಅದು ಕಾಯ್ದೆಯ ಕೊರತೆ. ಇದ್ದದ್ದನ್ನಾದರೂ ನಡೆಸಬಾರದೆ? ಎಕರೆ ದರದ ಗದ್ದಲದಲ್ಲಿ ಈ ಸಾಲುಗಳನ್ನು ಓದುವ ಪುರುಸೊತ್ತು ಯಾರಿಗೂ ಇದ್ದಂತಿಲ್ಲ. ಶಾಸಕರಿಗಂತೂ ಕೇಳಲೇಬೇಡಿ, ಕುರಿಗಾರರ ಮತ ಒಂದು ಊರಿನಲ್ಲಿ ನಿಲ್ಲುವುದಿಲ್ಲ.

ಹಕ್ಕಿಯನ್ನೂ ಉಳಿಸಿ ಜನರನ್ನೂ ಉಳಿಸುವುದು ಆಗದ ಮಾತು ಎನ್ನುವವರು ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ ಬರಲಿ. ಅಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುವುದು ಜನರ ಹುಣಸೆ ಮರಗಳಲ್ಲಿ, ಊರ ನಡುವೆ. ಫಸಲು ಕೆಟ್ಟದ್ದಕ್ಕೆ ಅರಣ್ಯ ಇಲಾಖೆ ಮರದ ಒಡೆಯನಿಗೆ ಪರಿಹಾರ ಕೊಡುತ್ತದೆ. ಹಾಗಾಗಿ ಮರಕ್ಕೆ ಕೊಡಲಿ ಬೀಳಲಿಲ್ಲ. ಇತ್ತ ಗದಗ ಜಿಲ್ಲೆಯ ಮಾಗಡಿ ಕೆರೆ ಇದೇ ಹೆಬ್ಬಾತುಗಳ ದೆಸೆಯಿಂದ ಹೆಸರಾಯಿತು. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ಅದೇ ವರ್ಷ ಕರಾವಳಿಯ ಅಘನಾಶಿನಿ ಅಳಿವೆಯೂ ಸೇರಿತು. ಅಲ್ಲಿ ಬಳಚು ಆಯ್ದು ಹೊಟ್ಟೆ ಹೊರೆಯುವ ಕುಟುಂಬಗಳಿವೆ. ಕೃಷ್ಣೆಯ ಹಿನ್ನೀರು ಇವಕ್ಕಿಂತ ಯಾವುದರಲ್ಲಿ ಕಡಿಮೆ?

ಮೀನುಗಾರರದೂ ಒಂದು ಮಾತು ಹೇಳಬೇಕು. ಸಣ್ಣ ಕಣ್ಣಿನ ಬಲೆ ಬೀಸಿ ಮರಿಯನ್ನೂ ಬಳಿದುಕೊಂಡು ಹೋದರೆ ನಾಳೆ ಬಲೆಗೆ ಬೀಳುವುದು ಏನು? ಮಳೆಗಾಲ ಮೊಟ್ಟೆ ಇಡುವ ಕಾಲ, ಆಗ ನದಿಯ ಬಾಯಿಗೆ ಬಲೆ ಅಡ್ಡ ಹಾಕುವುದು ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಂಡಂತೆ. ಹಕ್ಕು ಬೇಕೆಂದರೆ ಈ ಕಾವಲನ್ನೂ ಅವರ ಸಂಘಗಳೇ ಹೊರಬೇಕು. ಇಲಾಖೆಯ ಒಬ್ಬ ಸಿಬ್ಬಂದಿ ದೋಣಿ ಹತ್ತಿ ಇಷ್ಟಗಲ ನೀರನ್ನು ಕಾಯಲಾರ.

ಇನ್ನು ಬೇಸಿಗೆಯಲ್ಲಿ ತೆರೆದುಕೊಳ್ಳುವ ಸರಕಾರಿ ದಂಡೆ. ಅದನ್ನು ಗುತ್ತಿಗೆದಾರರಿಗೆ ಮಣ್ಣು ತೆಗೆಯಲು ಬಿಟ್ಟರೆ ಕುರಿಯೂ ಇಲ್ಲ, ಹಕ್ಕಿಯೂ ಇಲ್ಲ, ಬರೀ ತಗ್ಗು. ಇಂತಿಷ್ಟು ಮೇವಿಗೆ, ಇಂತಿಷ್ಟು ಹಕ್ಕಿಗೆ ಎಂದು ಈಗಲೇ ನಕ್ಷೆಯಲ್ಲಿ ಗೆರೆ ಎಳೆದು ಬಿಡಲಿ.

ಹೊಲದ ಅಳತೆಗೆ ಜನ, ಹಣ ಎಲ್ಲ ಸಿಗುತ್ತದೆ. ಅದರ ಜೊತೆಗೇ ದಂಡೆಯ ಅಳತೆಯೂ ಆಗಲಿ. ಆದರೆ ಮಳೆಗಾಲದಲ್ಲಿ ಬೇಡ, ಆಗ ಬಂದರೆ ಕಾಣುವುದು ನೀರೊಂದೇ. ಡಿಸೆಂಬರದಿಂದ ಮಾರ್ಚಿನೊಳಗೆ ಸರ್ವೇದವರು ಬೆಳಗಿನ 6 ಗಂಟೆಗೆ ಕೊಲ್ಹಾರದ ದಂಡೆಗೆ ಬರಲಿ. ತೆಪ್ಪ ಎಷ್ಟು, ಹಟ್ಟಿ ಎಷ್ಟು, ಹಕ್ಕಿ ಎಷ್ಟು, ಎಲ್ಲ ಅಲ್ಲೇ ಸಿಗುತ್ತದೆ.