ಕೊಬ್ಬರಿಗೆ ಬೆಂಕಿ ಹತ್ತುತ್ತದಂತೆ

ಮೊಣಕಾಲಿಗೆ ಲೋಹದ ಕೀಲು ಹಾಕಿಸಿಕೊಂಡ ಮೇಲೆ ವಿಮಾನ ನಿಲ್ದಾಣದಲ್ಲಿ ನಾನು ದೇವಸ್ಥಾನದ ಗಂಟೆಯಾಗಿದ್ದೇನೆ. ತಪಾಸಣೆಯ ಚೌಕಟ್ಟು ದಾಟಿದರೆ ಸಾಕು, ಕುಂಯ್ ಅನ್ನುತ್ತದೆ. ಆಮೇಲೆ ಪರದೆಯ ಮರೆ, ಕಾಲಡಿಗೊಂದು ಮಣೆ, ಎರಡೂ ಕೈ ಅಗಲ. ಸೀರೆಯ ನೆರಿಗೆಗೆ ಹಾಕಿದ ಪಿನ್ನಿನ ತನಕ ವಿಚಾರಣೆ. ಅದಕ್ಕೆ ನನ್ನ ತಕರಾರಿಲ್ಲ. ಆ ಹುಡುಗಿ ದಿನಕ್ಕೆ ಎಷ್ಟು ಜನರ ಮೈ ತಡವಬೇಕೋ ಪಾಪ.

ತಕರಾರು ಕೊಬ್ಬರಿಯದು.

ನಮ್ಮದು ತಿಪಟೂರು. ಪುಣೆಯ ಮಗಳ ಮನೆಗೆ ಹೊರಟಾಗ ಕೈಚೀಲದಲ್ಲಿ ಐದು ಉಂಡೆ ಕೊಬ್ಬರಿ ಇಟ್ಟುಕೊಂಡಿದ್ದೆ. ಎಕ್ಸ್‌ರೇ ಪರದೆಯ ಮುಂದೆ ಕೂತಿದ್ದವನು ಚೀಲವನ್ನು ಪಕ್ಕಕ್ಕೆ ತಳ್ಳಿದ. ಇನ್ನೊಬ್ಬ ಬಂದು ಉಂಡೆಗಳನ್ನು ಒಂದೊಂದಾಗಿ ಟ್ರೇಗೆ ಹಾಕಿ, ಹಿಂದಿಯಲ್ಲಿ 'ಅಲೌಡ್ ನಹೀ' ಅಂದ. ಯಾಕಪ್ಪಾ ಅಂದೆ. 'ರೂಲ್ ಹೈ' ಅಂದ. ಹಿಂದಿನವರು ತಮ್ಮ ಟ್ರೇಯಿಂದ ನನ್ನ ಟ್ರೇಯನ್ನು ನೂಕುತ್ತಿದ್ದರು. ನೀರಿನ ಬಾಟಲಿ, ಲೈಟರುಗಳ ನಡುವೆ ನಮ್ಮ ಅಟ್ಟದ ಕೊಬ್ಬರಿ ದಡದಡ ಬಿತ್ತು.

ಅಟ್ಟದ್ದು ಅಂದೆನಲ್ಲ, ನಮ್ಮಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗುಡುಗುಡು ಆಡಲು ಶುರುವಾದರೆ ಉಂಡೆ ಆಯಿತೆಂದು ಲೆಕ್ಕ. ವರ್ಷ ಕಾದದ್ದು ನಿಮಿಷದಲ್ಲಿ ಹೋಯಿತು. ಪುಣೆ ತಲುಪುವವರೆಗೂ ಬೈದುಕೊಂಡೆ.

ಕಾರಣ ತಿಳಿದದ್ದು ಮಗಳ ಮನೆಯಲ್ಲಿ, ಅಳಿಯ ಫೋನಿನಲ್ಲಿ ಹುಡುಕಿ ಓದಿದಾಗ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಗಾಳಿ ತಾಗುತ್ತ ತಾನಾಗಿಯೇ ಕಾವೇರುವ ಗುಣ ಅದಕ್ಕಿದೆ, ಹಾಗಾಗಿ ಬೆಂಕಿಯ ಭಯ. ವಿಮಾನ ಸಾಗಣೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೂ ಜಾಗವಿದೆ. ಕೈಚೀಲದಲ್ಲೂ ಬೇಡ, ಸೂಟ್‌ಕೇಸಿನಲ್ಲೂ ಬೇಡ. ಸರಿಯಾದ ಕಾರಣವೇ. ಇಷ್ಟನ್ನು ಆ ಹೊತ್ತಿನಲ್ಲಿ ಕನ್ನಡದಲ್ಲಿ ಒಂದು ವಾಕ್ಯ ಹೇಳಿದ್ದರೆ ನಾನೇ ಕೈಯಾರೆ ಹಾಕಿ ಬರುತ್ತಿದ್ದೆ.

ಮೂವತ್ತು ವರ್ಷ ಮೇಷ್ಟ್ರುಗಿರಿ ಮಾಡಿದವಳು ನಾನು. 'ಯಾಕೆ ಮಿಸ್?' ಅಂದ ಮಕ್ಕಳಿಗೆ 'ಅದು ಹಾಗೇ' ಅಂದ ದಿನ ಪಾಠ ಕೆಟ್ಟಿತೆಂದೇ ಅರ್ಥ. ಈ ನಿಯಮಗಳಿಗೆಲ್ಲ ಒಂದೊಂದು ಕಥೆ ಇದೆ. 2001ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ತನ್ನ ಬೂಟಿನೊಳಗಿದ್ದ ಬಾಂಬಿಗೆ ಬೆಂಕಿಕಡ್ಡಿ ಗೀರಿದ. ಅಮೆರಿಕದಲ್ಲಿ ಎಲ್ಲರೂ ಬೂಟು ಬಿಚ್ಚುವಂತಾಯಿತು, ಆ ನಿಯಮ ಹೋದದ್ದು 2025ರ ಜುಲೈಯಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಸಿಕ್ಕಿಬಿದ್ದವರು ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ತುಂಬಿಸಿ ಒಯ್ಯುವ ಸಂಚು ಹೂಡಿದ್ದರು. ವಿದೇಶಕ್ಕೆ ಹಾರುವವರ ಶಾಂಪೂ ನೂರು ಮಿಲಿಲೀಟರಿಗೆ ಇಳಿದದ್ದು ಅಲ್ಲಿಂದ. ಇಂಥ ಎರಡು ಸಾಲನ್ನು ಗೋಡೆಗೆ ಬರೆಯಲು ಏನು ಕಷ್ಟ? ಅಲ್ಲಿ ಚಿನ್ನದಂಗಡಿಯ ಜಾಹೀರಾತಿಗೆ ಬೇಕಾದಷ್ಟು ಗೋಡೆಯಿದೆ. ಭದ್ರತಾ ಶುಲ್ಕವನ್ನೂ ಟಿಕೆಟ್ಟಿನ ಜೊತೆ ವಸೂಲಿ ಮಾಡುತ್ತಾರೆ.

ಕೇಳುವ ಮನಸ್ಸಿದ್ದರೆ ದಾರಿಯೂ ಇದೆ. 2024ರ ಅಕ್ಟೋಬರಿನಲ್ಲಿ ಶಬರಿಮಲೆ ಯಾತ್ರಿಕರು ಇರುಮುಡಿಯ ತೆಂಗಿನಕಾಯಿಯನ್ನು ಕೈಚೀಲದಲ್ಲೇ ಒಯ್ಯಬಹುದೆಂದು ಆ ಯಾತ್ರೆಯ ಕಾಲಕ್ಕೆ ಅನುಮತಿ ಕೊಟ್ಟರು. ಎಕ್ಸ್‌ರೇ, ಸ್ಫೋಟಕ ಪತ್ತೆ ಪರೀಕ್ಷೆ ಎಲ್ಲ ಮುಗಿಸಿಯೇ. ಅದು ಹಸಿಕಾಯಿ, ನನ್ನದು ಒಣಗಿದ್ದು, ಒಪ್ಪಿದೆ.

ಮುಂದಿನ ಸಲ ಅದೇ ಸಾಲಿನಲ್ಲಿ ನನ್ನ ಮುಂದೆ ಅರಸೀಕೆರೆ ಕಡೆಯ ಹಿರಿಯರೊಬ್ಬರು ನಿಂತಿದ್ದರು. ಪಂಚೆ, ಬಟ್ಟೆಯ ಚೀಲ, ಚೀಲದ ಬಾಯಲ್ಲಿ ಕೊಬ್ಬರಿ ಬಟ್ಟಲು. ಬಗ್ಗಿ ಹೇಳಿದೆ: 'ಇದನ್ನ ಬಿಡಲ್ಲ ಯಜಮಾನ್ರೇ, ತಾನಾಗೇ ಬೆಂಕಿ ಹತ್ತುತ್ತಂತೆ.'

ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ಒಲೆ ಹಚ್ಚೋಕೇ ನಮ್ಮನೇಲಿ ನಾಕು ಕಡ್ಡಿ ಬೇಕು ಕಣವ್ವಾ. ಇದು ತಾನಾಗೇ ಹತ್ಕತ್ತದಾ?'

ಒಂದು ಬಟ್ಟಲು ಮುರಿದು ಅರ್ಧ ನನ್ನ ಕೈಗಿಟ್ಟರು. ಟ್ರೇ ಬರುವವರೆಗೆ ಇಬ್ಬರೂ ಜಗಿಯುತ್ತ ನಿಂತೆವು.