ಕನ್ನಡ ಕೆಟ್ಟುದು ಯಾರಿಂದ?

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಸಭೆಗಳಲ್ಲಿ ಈಚೆಗೆ ಒಂದು ಹೊಸ ದೂರು ಕೇಳಿಬರುತ್ತಿದೆ. ಹಾನಗಲ್ಲಿನ ವೇದಿಕೆಯಾಗಲಿ, ಹಿರೇಕೆರೂರಿನದಾಗಲಿ, ಭಾಷಣಕಾರರು ಮೊದಲು ಪಂಪನನ್ನು ನೆನೆದು, ನಡುವೆ ಇಂಗ್ಲಿಷನ್ನು ಹಳಿದು, ಕೊನೆಗೆ ತರುಣರ ಕಡೆಗೆ ಬೆರಳು ತೋರಿಸುತ್ತಾರೆ. ‘ಈ ಹುಡುಗರು ರ‍್ಯಾಪ್ ಎಂಬ ಒದರಾಟವನ್ನು ತಂದು ಕನ್ನಡವನ್ನು ಕೆಡಿಸಿಬಿಟ್ಟರು’ ಎಂಬುದೇ ಆ ದೂರಿನ ಸಾರ. ಸಭೆ ಚಪ್ಪಾಳೆ ತಟ್ಟುತ್ತದೆ. ಆರೋಪಕ್ಕೆ ಗುರಿಯಾದ ಹುಡುಗರು ಆ ಹೊತ್ತಿಗೆ ಸಭೆಯಲ್ಲಿ ಇರುವುದಿಲ್ಲ. ಹೊರಗೆ ಎಲ್ಲಿಯೋ ಮೊಬೈಲಿನ ತಾಳಕ್ಕೆ ಪ್ರಾಸ ಕೂಡಿಸುತ್ತಿರುತ್ತಾರೆ. ಹೀಗಾಗಿ ಅವರ ಪರವಾಗಿ ನಾಲ್ಕು ಮಾತು ಹೇಳುವವರಿಲ್ಲ. ಕನ್ನಡವನ್ನು ಕಲಿಸಿಯೇ ಅನ್ನ ಉಣ್ಣುವವನು ಆ ಕೆಲಸಕ್ಕೆ ನಿಲ್ಲುವುದು ಉಚಿತವೆಂದು ತೋರಿದ್ದರಿಂದ ಈ ಲೇಖನವನ್ನು ಬರೆದಿದ್ದೇನೆ. ಹುಡುಗರಿಗೆ ಹೇಳಬೇಕಾದ ಕಟುವಾದ ಮಾತೂ ಇದೆ, ಅದನ್ನೂ ಬಿಡುವವನಲ್ಲ.

ದೂರನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಆಕ್ಷೇಪಗಳು ಸಿಗುತ್ತವೆ. ಇದು ಪರದೇಶದ ಸರಕು ಎಂಬುದು ಮೊದಲನೆಯದು. ಇದರ ಭಾಷೆ ಅಶುದ್ಧ, ಗ್ರಾಮ್ಯ ಎಂಬುದು ಎರಡನೆಯದು. ಸಾಹಿತ್ಯಕ್ಕೆ ಸಲ್ಲದ ಬೈಗಳನ್ನೂ ರಾಜಕೀಯವನ್ನೂ ಇದು ಹಾಡಿಗೆ ತರುತ್ತದೆ ಎಂಬುದು ಮೂರನೆಯದು. ಒಂದೊಂದನ್ನೇ ಪರೀಕ್ಷಿಸೋಣ.

ರ‍್ಯಾಪ್ ಪರದೇಶದಿಂದ ಬಂದದ್ದು ನಿಜ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಕೇರಿಯಲ್ಲಿ ಕರಿಯ ತರುಣರು ಕಟ್ಟಿದ ಕಲೆ ಅದು. ಆದರೆ ಹೊರಗಿನಿಂದ ಬಂದ ಸಂಗೀತ ಕನ್ನಡದ ಬಾಯಿಗೆ ಒಗ್ಗುವುದಿಲ್ಲವೆಂದು ಹಾನಗಲ್ಲ ತಾಲೂಕಿನಲ್ಲಿ ನಿಂತು ಹೇಳುವವರಿಗೆ ಧೈರ್ಯ ಬೇಕು. 1892ರಲ್ಲಿ ಇದೇ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿ, ಕಣ್ಣಿಲ್ಲದೆಯೂ ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಉತ್ತರದ ಹಿಂದುಸ್ತಾನಿ ಪದ್ಧತಿಯನ್ನು ಒಲಿಸಿಕೊಂಡು, ಅದರ ರಾಗಗಳಲ್ಲಿ ನಮ್ಮ ವಚನಗಳನ್ನು ಹಾಡಿ ತೋರಿಸಿದರು. ಇಂದು ಆ ವಚನಗಾಯನವನ್ನು ಪರಕೀಯವೆನ್ನುವವರು ಯಾರು? ಬಂದ ರಾಗವನ್ನು ಯಾರೂ ಗಡಿಯಲ್ಲಿ ತಡೆದು ಕುಲ ಕೇಳಲಿಲ್ಲ.

ಮೇಲಾಗಿ, ರ‍್ಯಾಪಿನ ಜೀವಾಳವಾದ ಮಾತಿನ ಕಾಳಗ ನಮಗೆ ಹೊಸತೇನೂ ಅಲ್ಲ. ಗೀಗೀ ಮೇಳದವರ ಹರದೇಶಿ-ನಾಗೇಶಿ ವಾದವನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಒಂದು ಮೇಳ ಹಾಡಿನಲ್ಲಿಯೇ ಸವಾಲು ಎಸೆಯುವುದು, ದಪ್ಪು ತುಂತುಣಿಗಳ ಗತಿ ಕೆಡದಂತೆ ಇನ್ನೊಂದು ಮೇಳ ಉತ್ತರ ಕೊಡುವುದು, ಬೆಳಗಿನ ಜಾವದವರೆಗೂ ಜನ ಕದಲದೆ ಕುಳಿತು ಕೇಳುವುದು, ಇದೆಲ್ಲ ನಮ್ಮ ಜಾತ್ರೆಗಳ ಸಂಗತಿ. ಇನ್ನೂ ಹಿಂದಕ್ಕೆ ಹೋದರೆ, ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ರಾಮಧಾನ್ಯಚರಿತೆ ಇದೆ. ಅಲ್ಲಿ ಭತ್ತವೂ ರಾಗಿಯೂ ರಾಮನ ಸಭೆಯಲ್ಲಿ ನಿಂತು ಒಂದನ್ನೊಂದು ಹೀನಾಯವಾಗಿ ಜರೆಯುತ್ತವೆ. ಉಳ್ಳವರ ಧಾನ್ಯವು ಬಡವರ ಧಾನ್ಯದೆದುರು ಸೋಲುತ್ತದೆ. ತಾಳವೊಂದನ್ನು ಕೂಡಿಸಿದರೆ ಇಂದಿನ ಹುಡುಗರು ಅದನ್ನು ತಮ್ಮದೆಂದೇ ಗುರುತಿಸಿಯಾರು.

ಇನ್ನು ಶುದ್ಧಿಯ ಮಾತು. ಬೆಂಗಳೂರಿನ ಕಡೆಯಿಂದ ಚಂದನ್ ಶೆಟ್ಟಿ, ಆಲ್ ಓಕೆ, ಎಂ. ಸಿ. ಬಿಜ್ಜು ಮೊದಲಾದವರು ಕನ್ನಡ ರ‍್ಯಾಪಿಗೆ ಹೆಸರು ತಂದರು. ನಮ್ಮ ಕಡೆಯ ತರುಣರು ಅದನ್ನು ಕೇಳಿದರು. ಜೊತೆಗೆ ಜಾನಪದ ಧಾಟಿಗೆ ಡಿಜೆ ತಾಳ ಕೂಡಿಸಿದ ಹಾಡುಗಳನ್ನೂ ಕೇಳಿದರು. ಎರಡನ್ನೂ ಬೆರೆಸಿ ತಮ್ಮ ಮನೆಯ ಮಾತಿನಲ್ಲಿ ಹಾಡತೊಡಗಿದ್ದಾರೆ. ‘ಬರಾಕತ್ತೀವಿ’, ‘ಹೊಂಟಾನ’, ‘ಯಾಕ್ ಅಂಜಬೇಕು’ ಎಂಬ ಮಾತು ಅವರಲ್ಲಿ ಹಾಡಾಗಿದೆ. ಚಲನಚಿತ್ರಗಳಲ್ಲಿ ಈ ಮಾತು ಬಹುಕಾಲದಿಂದ ಯಾರ ಬಾಯಲ್ಲಿ ಬರುತ್ತಿತ್ತೆಂಬುದನ್ನು ವಾಚಕರು ನೆನೆಯಬೇಕು. ನಗಿಸುವವನಿಗೆ, ಆಳಿಗೆ, ಪೆದ್ದನಿಗೆ ಉತ್ತರ ಕರ್ನಾಟಕದ ಮಾತು. ನಾಯಕನಿಗೆ ಬೇರೆ ಮಾತು. ನಮ್ಮ ಹುಡುಗ ತನ್ನ ಸಿಟ್ಟನ್ನೂ ದುಃಖವನ್ನೂ ತನ್ನ ತಾಯಿಯ ಮಾತಿನಲ್ಲಿ ಹಾಡಿದಾಗ ಆ ಮಾತು ನಗೆಪಾಟಲಿನಿಂದ ಪಾರಾಗುತ್ತದೆ. ಬೇಂದ್ರೆಯವರು ಧಾರವಾಡದ ಆಡುಮಾತನ್ನು ಕಾವ್ಯವಾಗಿಸಿದ್ದನ್ನು ತರಗತಿಯಲ್ಲಿ ಕೊಂಡಾಡುವ ನಾವು ಇದನ್ನು ಗ್ರಾಮ್ಯವೆನ್ನುವುದು ಯಾವ ನ್ಯಾಯ?

ನಮ್ಮ ಪಂಡಿತರ ಶುದ್ಧಿಪ್ರಿಯತೆ ನಮಗೆ ಎಷ್ಟು ನಷ್ಟ ತಂದಿದೆಯೆಂಬುದಕ್ಕೆ ಒಂದು ನಿದರ್ಶನ ಸಾಕು. ಸಂಗೊಳ್ಳಿ ರಾಯಣ್ಣನ ಬಂಡಾಯವನ್ನೂ, ಆಯುಧ ಕಸಿಯುವ ಕಾನೂನಿಗೆ 1857ರಲ್ಲಿ ತಿರುಗಿಬಿದ್ದ ಹಲಗಲಿಯ ಬೇಡರ ಕಥೆಯನ್ನೂ ಲಾವಣಿಕಾರರು ಹಾಡುತ್ತಿದ್ದರು. ಅವನ್ನು ಬರೆದುಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ತೊಡಗಿದವರು ಜೆ. ಎಫ್. ಫ್ಲೀಟ್; ಆ ಬಂಡಾಯಗಳನ್ನು ತುಳಿದ ಆಂಗ್ಲ ಸರಕಾರದ ಅಧಿಕಾರಿ! ತನ್ನ ಸರಕಾರವನ್ನು ಬೈಯುವ ಹಾಡನ್ನು ಪರಕೀಯ ಅಧಿಕಾರಿ ಕಾಗದಕ್ಕೆ ಇಳಿಸಿದ; ನಮ್ಮ ವಿದ್ವಾಂಸರಿಗೆ ಅದು ಬೀದಿಯ ಗದ್ದಲವಾಗಿ ಕೇಳಿಸಿರಬೇಕು. ಹಿರೇಕೆರೂರು ಸೀಮೆಯ ಸರ್ವಜ್ಞನ ಪಾಡೂ ಬೇರೆಯಲ್ಲ. ಜನರ ಬಾಯಲ್ಲಿಯೂ ಹಳೆಯ ಕಟ್ಟುಗಳಲ್ಲಿಯೂ ಚೆದುರಿದ್ದ ಅವನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪನವರೆಂಬ ಕ್ರೈಸ್ತ ಪಾದ್ರಿಗಳು. ಸರ್ವಜ್ಞನೇನು ಮಡಿ ಮಾತಿನವನೇ? ಪಠ್ಯಪುಸ್ತಕಕ್ಕೆ ಒಗ್ಗದ ಅವನ ಪದ್ಯಗಳನ್ನು ಬಿಟ್ಟು ಉಳಿದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ಅಷ್ಟೆ.

ಶಿಶುನಾಳದ ಶರೀಫ ಸಾಹೇಬರನ್ನು ಇಂದು ಎಲ್ಲ ವೇದಿಕೆಗಳಲ್ಲಿಯೂ ಹಾಡುತ್ತಾರೆ. ಅವರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ನಮ್ಮ ಭಜನೆಯವರೂ ಏಕತಾರಿಯವರೂ ಹಳ್ಳಿಗಳಲ್ಲಿ ಕಾಪಾಡಿಕೊಂಡು ಬಂದರು. ಪೇಟೆಯ ರಸಿಕರಿಗೆ ಅವರು ಪ್ರಿಯರಾದದ್ದು ಸಿ. ಅಶ್ವತ್ಥರ ಕಂಠದಿಂದ, 1990ರಲ್ಲಿ ಬಂದ ನಾಗಾಭರಣರ ಚಲನಚಿತ್ರದಿಂದ. ಸೋರುವ ಮನೆಯನ್ನೂ ತಮ್ಮ ಕಾಲದಲ್ಲಿ ಹೊಸದಾಗಿ ಬಂದ ಗಿರಣಿಯನ್ನೂ ಪದಕ್ಕೆ ವಸ್ತುವಾಗಿಸಿದ ಆ ಹಿರಿಯರು ಇಂದು ಇದ್ದಿದ್ದರೆ ಮೊಬೈಲನ್ನು ಬಿಡುತ್ತಿದ್ದರೇ?

ಮೂರನೆಯ ಆಕ್ಷೇಪಕ್ಕೆ, ಅಂದರೆ ರಾಜಕೀಯದ ಮಾತಿಗೆ, ಉತ್ತರ ಹೇಳುವ ಮೊದಲು ವಾಚಕರನ್ನು ತುಸು ದೂರ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರಕ್ಕೆ ಕರೆದೊಯ್ಯಬೇಕಾಗಿದೆ. ಐರಿಷ್ ಭಾಷೆ ಆ ನೆಲದ ಮೂಲ ಭಾಷೆ. ನ್ಯಾಯಾಲಯದಲ್ಲಿ ಇಂಗ್ಲಿಷಿನ ಹೊರತು ಬೇರೆ ಭಾಷೆ ನಡೆಯಕೂಡದೆಂದು 1737ರಲ್ಲಿ ಮಾಡಿದ ಕಾಯಿದೆಯನ್ನು ರದ್ದುಪಡಿಸುವ ಏರ್ಪಾಡಾಗಿ, ಐರಿಷಿಗೆ ಅಲ್ಲಿ ಅಧಿಕೃತ ಸ್ಥಾನ ದೊರೆಯಬೇಕಾದರೆ 2022 ಬರಬೇಕಾಯಿತು. ಅದಕ್ಕೂ ಬಹಳ ಮೊದಲೇ, 1969ರಲ್ಲಿ ಕೆಲವು ಕುಟುಂಬಗಳು ಬೆಲ್‌ಫಾಸ್ಟಿನ ಶಾ ರಸ್ತೆಯಲ್ಲಿ ಐರಿಷ್ ಮಾತ್ರ ಆಡುವ ಕೇರಿಯೊಂದನ್ನು ಕಟ್ಟಿಕೊಂಡು, 1971ರಲ್ಲಿ ಐರಿಷ್ ಮಾಧ್ಯಮದ ಶಾಲೆಯನ್ನೂ ತೆರೆದಿದ್ದವು. ಇಷ್ಟಾದರೂ 2021ರ ಗಣತಿಯಲ್ಲಿ ಐರಿಷನ್ನು ತಮ್ಮ ಮುಖ್ಯ ಭಾಷೆಯೆಂದು ಹೇಳಿಕೊಂಡವರು ಸುಮಾರು 19 ಲಕ್ಷ ಜನರಲ್ಲಿ 6 ಸಾವಿರದಷ್ಟು ಮಾತ್ರ.

ಇಂತಹ ಭಾಷೆಯಲ್ಲಿ 2017ರಲ್ಲಿ ಮೂವರು ರ‍್ಯಾಪ್ ಹಾಡಲು ನಿಂತರು. ಅವರಲ್ಲೊಬ್ಬರು ಶಾಲಾ ಮಾಸ್ತರರು. ತಂಡಕ್ಕೆ ಇಟ್ಟುಕೊಂಡ ಹೆಸರು ನೀಕ್ಯಾಪ್. ಗಲಭೆಯ ಕಾಲದಲ್ಲಿ ಅಲ್ಲಿಯ ಸಶಸ್ತ್ರ ಗುಂಪುಗಳು ಮೊಣಕಾಲಿಗೆ ಗುಂಡು ಹೊಡೆದು ಕೊಡುತ್ತಿದ್ದ ಶಿಕ್ಷೆಯ ನೆನಪು ಅದರಲ್ಲಿದೆ. ಮೊದಲ ಹಾಡಿನ ಹೆಸರಿನ ಅರ್ಥ ‘ಹಕ್ಕುಗಳು’. ಆ ಹಾಡನ್ನು ಮೊದಲು ಹೊರಗಿಟ್ಟವರು ಯಾರೆಂದುಕೊಂಡಿರಿ? ಐರಿಷ್ ಭಾಷೆಗೆಂದೇ ಇರುವ ಬಾನುಲಿ ಕೇಂದ್ರದವರು! ಮಾದಕ ವಸ್ತುಗಳ ಪ್ರಸ್ತಾಪವಿದೆಯೆಂಬುದು ಅವರು ಕೊಟ್ಟ ಕಾರಣ. ಭಾಷೆಯ ಕಾವಲಿಗೆ ನಿಂತವರೇ ಭಾಷೆಯ ಮಕ್ಕಳಿಗೆ ಬಾಗಿಲು ಹಾಕುವುದು ನಮ್ಮಲ್ಲಿ ಮಾತ್ರವಲ್ಲವೆಂಬುದು ಒಂದು ಬಗೆಯ ಸಮಾಧಾನ.

ಮುಂದೆ ಅವರ ಬದುಕನ್ನು ಕುರಿತು ಐರಿಷಿನಲ್ಲಿ ತೆಗೆದ ಚಲನಚಿತ್ರ 2024ರಲ್ಲಿ ಬಂದು ಲೋಕವೆಲ್ಲ ನೋಡಿತು. ಅದೇ ವರ್ಷ, ಅವರಿಗೆ ಮಂಜೂರಾಗಿದ್ದ 14,250 ಪೌಂಡು ಸಹಾಯಧನವನ್ನು ಬ್ರಿಟಿಷ್ ಸರಕಾರ ತಡೆಹಿಡಿಯಿತು. ಅವರು ನ್ಯಾಯಾಲಯಕ್ಕೆ ಹೋದರು. ತಡೆದದ್ದು ಅಕ್ರಮವೆಂದು ಸರಕಾರವೇ ನವೆಂಬರಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಬಂದ ಹಣವನ್ನು ಅವರು ಬೆಲ್‌ಫಾಸ್ಟಿನ ಎರಡು ಯುವಸಂಸ್ಥೆಗಳಿಗೆ ಸಮನಾಗಿ ಹಂಚಿದರು. ಒಂದು ಕ್ಯಾಥೊಲಿಕರ ಕೇರಿಯದು, ಇನ್ನೊಂದು ಅವರ ಎದುರು ಪಕ್ಷವಾದ ಪ್ರೊಟೆಸ್ಟಂಟರ ಕೇರಿಯದು. 2025ರಲ್ಲಿ ಪ್ಯಾಲೆಸ್ಟೈನಿನ ಪರವಾಗಿ ಆಡಿದ ಮಾತುಗಳಿಂದ ಅವರ ಮೇಲೆ ಇನ್ನಷ್ಟು ಗದ್ದಲವೆದ್ದಿತು. ನಿಷೇಧಿತ ಸಂಘಟನೆಯ ಬಾವುಟ ತೋರಿಸಿದರೆಂದು ಒಬ್ಬರ ಮೇಲೆ ಮೊಕದ್ದಮೆ ಹೂಡಲಾಯಿತು. ಆರೋಪವನ್ನು ಗಡುವು ಮೀರಿ ಹೊರಿಸಿದ್ದಾರೆಂಬ ಕಾರಣದಿಂದ ಸೆಪ್ಟೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅವರ ಎಲ್ಲ ಮಾತನ್ನು ನಾನು ಒಪ್ಪುವವನಲ್ಲ. ಅಮಲಿನ ಹೊಗಳಿಕೆಯನ್ನಂತೂ ಸರ್ವಥಾ ಒಪ್ಪಲಾರೆ. ಆದರೆ ಒಂದನ್ನು ಒಪ್ಪಲೇಬೇಕು. ಪಾಠಶಾಲೆಯ ಕೋಣೆಯಲ್ಲಿ ಉಸಿರಾಡುತ್ತಿದ್ದ ಭಾಷೆಯನ್ನು ಅವರು ಸರಕಾರ ಕಿವಿಗೊಡಲೇಬೇಕಾದ ಭಾಷೆಯನ್ನಾಗಿ ಮಾಡಿದರು. ತರುಣರ ಸಿಟ್ಟು ಯಾವ ಭಾಷೆಯಲ್ಲಿ ಹೊರಬೀಳುತ್ತದೆಯೋ ಆ ಭಾಷೆಗೆ ನಾಳೆಯೆಂಬುದು ಇರುತ್ತದೆ.

ಈಗ ನಮ್ಮ ಕಡೆಗೆ ತಿರುಗೋಣ. 2011ರ ಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಕಾಯಿದೆಯ ಬಲಕ್ಕೂ ನಾವು ಪ್ರಯತ್ನಪಡದೆ ಇರಲಿಲ್ಲ. ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು 1981ರಲ್ಲಿ ವರದಿ ಕೊಟ್ಟರು. 1982ರಲ್ಲಿ ನಾಡಿಗೆ ನಾಡೇ ಅದರ ಪರವಾಗಿ ಬೀದಿಗಿಳಿಯಿತು. ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2019ರಲ್ಲಿ ಸರಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ನಮ್ಮ ಕಾಲೇಜುಗಳಿಗೆ ಬರುವ ಬಿ.ಕಾಂ., ಬಿ.ಎಸ್‌ಸಿ. ಹುಡುಗರಿಗೆ ಕನ್ನಡವೆಂದರೆ ಪಾಸಾಗಬೇಕಾದ ಒಂದು ಪತ್ರಿಕೆ. ಅವರಲ್ಲಿ ಯಾವನಾದರೂ ಯಾರೂ ಒತ್ತಾಯಿಸದೆ, ಅಂಕದ ಆಸೆಯಿಲ್ಲದೆ, ರಾತ್ರಿ ಕುಳಿತು ಒಂದು ಕನ್ನಡ ಶಬ್ದಕ್ಕೆ ಇನ್ನೊಂದು ಕನ್ನಡ ಶಬ್ದದ ಪ್ರಾಸ ಹುಡುಕುತ್ತಿದ್ದಾನೆಂದರೆ ಅವನು ಹಾಡು ಕಟ್ಟುತ್ತಿರಬೇಕು. ಅವನನ್ನೇ ನಾವು ಭಾಷಾದ್ರೋಹಿಯೆನ್ನುತ್ತೇವೆ!

ಸಾಹಿತ್ಯದಲ್ಲಿ ರಾಜಕೀಯ ಬೇಡವೆನ್ನುವ ಹಿರಿಯರಿಗೆ ಒಂದು ನೆನಪು. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಮುಸ್ಲಿಂ ಲೇಖಕರಿಗೆ ತಕ್ಕ ಸ್ಥಾನ ಕೊಡಲಿಲ್ಲವೆಂಬ ದೂರು ನಾಡಿನಲ್ಲೆಲ್ಲ ಎದ್ದು, ಅದನ್ನು ಪ್ರತಿಭಟಿಸಿ 8ನೆಯ ತಾರೀಖು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವೂ ನಡೆಯಿತು. ಗೋವಿಂದ ಭಟ್ಟರ ಶಿಷ್ಯರಾದ ಶರೀಫ ಸಾಹೇಬರ ಜಿಲ್ಲೆಯಲ್ಲಿ ಇಂತಹ ಮಾತು ಬಂದಿತಲ್ಲ, ಅದು ರಾಜಕೀಯವಲ್ಲದೆ ಮತ್ತೇನು? ವೇದಿಕೆಯ ಮೇಲಿನ ರಾಜಕೀಯಕ್ಕೆ ಹಾರ, ಹುಡುಗರ ಹಾಡಿನ ರಾಜಕೀಯಕ್ಕೆ ಮಾತ್ರ ನಿಷೇಧವೇ?

ಇನ್ನು, ತಮ್ಮಂದಿರಾ, ನಿಮಗೂ ಒಂದು ಮಾತು. ನಿಮ್ಮ ಹಾಡುಗಳಲ್ಲಿ ಬಹುಪಾಲು ಕೈಕೊಟ್ಟ ಹುಡುಗಿಯನ್ನು ಬೈಯುವುದಕ್ಕೂ, ಬಾಟಲಿಯನ್ನು ಹೊಗಳುವುದಕ್ಕೂ, ನಮ್ಮೂರ ಹುಲಿ ನಾನೆಂದು ಮೀಸೆ ತಿರುವುವುದಕ್ಕೂ ಖರ್ಚಾಗಿ ಹೋಗುತ್ತಿದೆ. ನಾಗೇಶಿ ಮೇಳದಲ್ಲಿ ಹೆಣ್ಣಿನ ಪರವಾಗಿ ಉತ್ತರ ಬರುತ್ತಿತ್ತು. ನಿಮ್ಮ ಹಾಡಿನಲ್ಲಿ ಆಕೆಗೆ ಬಾಯಿಯೇ ಇಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರಾಗಿ ಇಬ್ಬರು ಜೀವ ತೆತ್ತರು. 2010ರ ಜುಲೈ ತಿಂಗಳಲ್ಲಿ ಸವಣೂರಿನ ಭಂಗಿ ಕುಟುಂಬದವರು, ತಮ್ಮನ್ನು ಇದ್ದ ನೆಲೆಯಿಂದ ಎಬ್ಬಿಸಬಾರದೆಂದು ಕೇಳಿ ಸೋತು, ಪುರಸಭೆಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಲಾವಣಿಕಾರನಾಗಿದ್ದರೆ ಇದನ್ನು ಬಿಡುತ್ತಿದ್ದನೇ? ನಿಮ್ಮ ಪ್ರಾಸಗಳಲ್ಲಿ ಇವಕ್ಕೆ ಎಡೆ ಎಲ್ಲಿದೆ? ಕನ್ನಡ ಕನ್ನಡ ಎಂದು ಕೂಗಿದ ಮಾತ್ರಕ್ಕೆ ಕನ್ನಡದ ಹಾಡಾಗುವುದಿಲ್ಲ. ಬೆಲ್‌ಫಾಸ್ಟಿನ ಮೂವರು ತಮ್ಮ ಕೇರಿಯ ಸಂಗತಿಯನ್ನು ಹೆಸರಿಟ್ಟು ಹಾಡಿದ್ದರಿಂದಲೇ ಲೋಕ ಕೇಳಿತು.

ದೂರುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ನಮ್ಮ ಹುಡುಗರು ಇಂದು ಕಟ್ಟುತ್ತಿರುವ ಹಾಡುಗಳನ್ನು, ಕೆಟ್ಟದ್ದು ಒಳ್ಳೆಯದೆಂದು ಆರಿಸದೆ, ಅದು ಧ್ವನಿಸಹಿತ ದಾಖಲಿಸಿಡಲಿ. ನೂರು ವರ್ಷದ ಮೇಲೆ ಇವುಗಳಿಗಾಗಿ ಇನ್ನೊಬ್ಬ ಫ್ಲೀಟನ ಹಂಗು ನಮಗೆ ಬೇಡ. ನಾಲ್ಕು ತಾಲೂಕುಗಳ ಕಾಲೇಜುಗಳು ಬರುವ ರಾಜ್ಯೋತ್ಸವದಲ್ಲಿ ಭಾಷಣದ ಒಂದು ತಾಸನ್ನು ಕಡಿಮೆ ಮಾಡಿ, ಒಂದು ಗೀಗೀ ಮೇಳವನ್ನೂ ಊರಿನ ರ‍್ಯಾಪ್ ಹುಡುಗರನ್ನೂ ಎದುರುಬದುರು ಕೂಡಿಸಲಿ. ವಿಷಯವನ್ನು ಊರವರು ಕೊಡಲಿ: ಬೆಳೆಯ ದರ, ಕೆರೆಯ ಒತ್ತುವರಿ, ಮುಚ್ಚುತ್ತಿರುವ ಕನ್ನಡ ಶಾಲೆ, ಯಾವುದಾದರೂ ಆಗಲಿ. ಉತ್ತರ ಕೊಡಲಾರದ ಹುಡುಗ ಅಲ್ಲಿಯೇ ಸೋಲುತ್ತಾನೆ. ಕೊಟ್ಟವನಿಗೆ ಊರು ತಲೆದೂಗುತ್ತದೆ. ಕನ್ನಡ ಯಾರಿಂದ ಕೆಟ್ಟಿತೆಂಬ ಮಾತನ್ನು ಆ ರಾತ್ರಿ ಅಲ್ಲಿ ಕುಳಿತು ಕೇಳಿದ ಜನ ತೀರ್ಮಾನಿಸಲಿ. ಆ ತೀರ್ಮಾನಕ್ಕೆ ನಾವು ಮಾಸ್ತರರೂ ಬದ್ಧರಾಗೋಣ.